ಹಳೆಯ ಬೈಕಿಗೆ ಹೊಸ ಫಿಲ್ಟರ್: ಆರಿಸುವುದು ಹೇಗೆ?



ಇಂದಿನ ಮಾತಿನ ವಿಷಯ ಮುಷ್ಟಿಯೊಳಗೆ ಅಡಗುವಷ್ಟು ಚಿಕ್ಕ ವಸ್ತು. ಮೋಟಾರ್ ಸೈಕಲ್ಲಿನ ಆಯಿಲ್ ಫಿಲ್ಟರ್. ಮಂಗಳೂರಿನ ಶಕ್ತಿನಗರದಿಂದ ಕಾಲೇಜು ವಿದ್ಯಾರ್ಥಿಯೊಬ್ಬರು ಬರೆದ ಪತ್ರ ಈ ಮಾತಿಗೆ ಕಾರಣ. ಅವರ ಅಜ್ಜನ ಕಾಲದ, 1968ರ ಬುಲೆಟ್ ಮನೆಯಲ್ಲಿದೆ. ಓಡುವ ಸ್ಥಿತಿಯಲ್ಲಿದೆ. ಆಯಿಲ್ ಬದಲಿಸುವ ಹೊತ್ತಿಗೆ ಬಿಡಿಭಾಗಗಳ ಅಂಗಡಿಗೆ ಹೋದರೆ, ಮೇಜಿನ ಮೇಲೆ ಮೂರು ಬಗೆಯ ಫಿಲ್ಟರುಗಳು ಬಂದು ಕುಳಿತವಂತೆ. ಒಂದು ಕಂಬಳಿಯಂಥ ಫೆಲ್ಟಿನದು, ಇನ್ನೊಂದು ಮಡಿಕೆ ಮಡಿಕೆಯಾದ ಕಾಗದದ್ದು, ಮೂರನೆಯದು ತೊಳೆದು ತೊಳೆದು ಬಳಸಬಹುದಾದ ಉಕ್ಕಿನ ಜಾಲರಿಯದು. "ಅಣ್ಣ, ಇದರಲ್ಲಿ ಯಾವುದು ಒಳ್ಳೆಯದು?" ಎಂದು ಕೇಳಿದ್ದಕ್ಕೆ, "ಯಾವುದಾದರೂ ಆಗ್ತದೆ ಮಾರಾಯ, ಎಲ್ಲ ಅದಕ್ಕೇ ಕೂರುವುದು" ಎಂಬ ಉತ್ತರ ಸಿಕ್ಕಿತಂತೆ. ಕೂರುವುದು ಬೇರೆ, ಕೆಲಸ ಮಾಡುವುದು ಬೇರೆ ಅಲ್ಲವೇ ಎಂಬುದು ಪತ್ರದ ಪ್ರಶ್ನೆ. ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ನಿಮ್ಮ ಪಠ್ಯಪುಸ್ತಕದ ಭೌತಶಾಸ್ತ್ರ, ರಸಾಯನಶಾಸ್ತ್ರಗಳೇ ಸಾಕು.

ಮೊದಲಿಗೆ, ಎಂಜಿನ್ನಿಗೆ ಆಯಿಲ್ ಏಕೆ ಬೇಕು? ಲೋಹದ ಎರಡು ಮೈಗಳು ಒಂದಕ್ಕೊಂದು ಉಜ್ಜದಂತೆ ಅವುಗಳ ನಡುವೆ ತೆಳುವಾದ ಪದರವಾಗಿ ನಿಲ್ಲುವುದು ಅದರ ಮುಖ್ಯ ಕೆಲಸ. ಶಾಖವನ್ನು ಹೊತ್ತೊಯ್ಯುವುದು, ತುಕ್ಕು ತಡೆಯುವುದು, ಕೊಳೆಯನ್ನು ತನ್ನೊಳಗೆ ತೇಲಿಸಿಕೊಂಡು ಹೋಗುವುದು ಉಳಿದ ಕೆಲಸಗಳು. ಬೇರಿಂಗುಗಳಲ್ಲಿ ಈ ಪದರದ ದಪ್ಪವನ್ನು ಮೈಕ್ರಾನುಗಳಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಬರಿಗಣ್ಣಿಗೆ 40 ಮೈಕ್ರಾನಿಗಿಂತ ಚಿಕ್ಕದು ಕಾಣುವುದು ಕಷ್ಟ. ರಕ್ತದ ಕೆಂಪು ಕಣದ ಅಡ್ಡಳತೆ ಏಳೆಂಟು ಮೈಕ್ರಾನ್. ಕೆಲಸದಲ್ಲಿರುವ ಬೇರಿಂಗಿನ ಆಯಿಲ್ ಪದರವಾದರೋ ಹಲವೆಡೆ ಕೆಲವೇ ಮೈಕ್ರಾನ್ ದಪ್ಪವಿರುತ್ತದೆ. ಅಂದರೆ ಎಂಜಿನ್ನನ್ನು ಸವೆಸುವ ಕಣಗಳಲ್ಲಿ ಹೆಚ್ಚಿನವು ನಮ್ಮ ಕಣ್ಣಿಗೆ ಕಾಣುವಂಥವೇ ಅಲ್ಲ. ಆಯಿಲನ್ನು ಬೆರಳಿನಲ್ಲಿ ಉಜ್ಜಿ ನೋಡಿ "ಚೆನ್ನಾಗಿದೆ" ಎನ್ನುವುದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ನೀವೇ ಯೋಚಿಸಿ.

ಈ ಕಣಗಳು ಎಲ್ಲಿಂದ ಬರುತ್ತವೆ? ಹೊರಗಿನ ಧೂಳು ಒಂದು ಮೂಲ. ಮುರಕಲ್ಲಿನ ನಾಡಾದ ದಕ್ಷಿಣ ಕನ್ನಡದಲ್ಲಿ ಬೇಸಿಗೆಯ ಕೆಂಪು ಧೂಳಿನಲ್ಲಿ ಕಬ್ಬಿಣದ ಆಕ್ಸೈಡಿನ ಜೊತೆಗೆ ಸಿಲಿಕದ ಕಣಗಳೂ ಇರುತ್ತವೆ. ಸ್ಫಟಿಕರೂಪದ ಸಿಲಿಕ, ಅಂದರೆ ಬೆಣಚುಕಲ್ಲು, ಮೋಸ್ ಗಡಸುತನದ ಮಾಪಕದಲ್ಲಿ 7ನೆಯ ಸ್ಥಾನದಲ್ಲಿದೆ. ಸಾಮಾನ್ಯ ಉಕ್ಕನ್ನು ಗೀರಬಲ್ಲದು. ಎರಡನೆಯ ಮೂಲ ಎಂಜಿನ್ನೇ. ಪಿಸ್ಟನ್ ಉಂಗುರ, ಸಿಲಿಂಡರ್, ಹಲ್ಲುಗಾಲಿಗಳು ಸವೆದ ಲೋಹದ ಪುಡಿ ಅದು. ಮೂರನೆಯದು ಇಂಧನ ಉರಿದಾಗ ಉಳಿಯುವ ಮಸಿ ಮತ್ತು ಆಯಿಲ್ ಹಳತಾಗಿ ಹುಟ್ಟುವ ಜಿಗುಟು ಕೆಸರು. ಇವೆಲ್ಲವನ್ನೂ ಹಿಡಿದಿಡಬೇಕಾದದ್ದು ಫಿಲ್ಟರ್.

ಈಗ ಒಂದು ಮುಖ್ಯ ಸಂಗತಿ. ಎಲ್ಲ ಹಳೆಯ ಬೈಕುಗಳಿಗೂ ಆಯಿಲ್ ಫಿಲ್ಟರ್ ಇರುವುದಿಲ್ಲ. ನಮ್ಮ ಮೈಸೂರಿನ ಜಾವಾ, ಯೆಜ್ಡಿಗಳನ್ನೇ ತೆಗೆದುಕೊಳ್ಳಿ. 1960ರಲ್ಲಿ ಆರಂಭವಾದ ಐಡಿಯಲ್ ಜಾವಾ ಕಂಪನಿಯ ಯಾದವಗಿರಿ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ತಯಾರಿಸಿದ ಆ ಬೈಕುಗಳು ಟೂ-ಸ್ಟ್ರೋಕ್ ಎಂಜಿನ್ನಿನವು. ಅಲ್ಲಿ ಎಂಜಿನ್ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಾರೆ. ಅದು ಒಮ್ಮೆ ಒಳಗೆ ಹೋಗಿ, ತನ್ನ ಕೆಲಸ ಮಾಡಿ, ಉರಿದು ಹೊಗೆಯಾಗಿ ಹೊರಗೆ ಹೋಗುತ್ತದೆ. ತಿರುಗಿ ಬರುವ ಆಯಿಲೇ ಇಲ್ಲದಿರುವಾಗ ಸೋಸುವ ಮಾತೆಲ್ಲಿ? ಅಲ್ಲಿ ಗಮನಿಸಬೇಕಾದ ಸೋಸುಕಗಳು ಗಾಳಿಯ ಫಿಲ್ಟರ್ ಮತ್ತು ಪೆಟ್ರೋಲ್ ಕಾಕಿನ ಜಾಲರಿ. ಗೇರ್ ಪೆಟ್ಟಿಗೆಯ ಆಯಿಲನ್ನು ಕಾಲಕಾಲಕ್ಕೆ ಬದಲಿಸಿದರಾಯಿತು. ಆದ್ದರಿಂದ "ಯೆಜ್ಡಿಗೆ ಆಯಿಲ್ ಫಿಲ್ಟರ್ ಕೊಡಿ" ಎಂದು ಕೇಳಿದವರಿಗೆ ಯಾರಾದರೂ ಒಂದನ್ನು ಕೊಟ್ಟರೆ, ಆ ಅಂಗಡಿಯಿಂದ ಸ್ವಲ್ಪ ದೂರವಿರುವುದು ಕ್ಷೇಮ!

1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಫೋರ್-ಸ್ಟ್ರೋಕ್ ಬೈಕು. ಅದರಲ್ಲೂ ಕೊಂಡು ಬದಲಿಸುವ ಕಾಗದದ ಫಿಲ್ಟರಿಲ್ಲ. ಒಂದು ತಂತಿಯ ಜಾಲರಿ ದೊಡ್ಡ ಕಸವನ್ನು ತಡೆಯುತ್ತದೆ. ಕ್ರ್ಯಾಂಕಿನೊಡನೆ ರಭಸದಿಂದ ತಿರುಗುವ ಒಂದು ಬಟ್ಟಲು ಸಣ್ಣ ಕಣಗಳನ್ನು ಹಿಡಿಯುತ್ತದೆ. ಬಟ್ಟಲು ತಿರುಗುವಾಗ ಆಯಿಲಿಗಿಂತ ಭಾರವಾದ ಕಣಗಳು ಹೊರ ಅಂಚಿಗೆ ಸರಿದು ಅಲ್ಲಿ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಪ್ರಯೋಗಶಾಲೆಯಲ್ಲಿ ನೀವು ನೋಡಿದ ಸೆಂಟ್ರಿಫ್ಯೂಜ್ ಯಂತ್ರದ ತತ್ವವೇ ಇದು. ಈ ಬಟ್ಟಲನ್ನು ಆಗಾಗ ಬಿಚ್ಚಿ ಒರೆಸಬೇಕಷ್ಟೇ. ಹಳೆಯ ಟ್ರಯಂಫ್, ಬಿಎಸ್‌ಎ ಜೋಡಿ ಸಿಲಿಂಡರ್ ಬೈಕುಗಳ ಕ್ರ್ಯಾಂಕಿನೊಳಗೂ ಇಂಥದೇ ಕೆಸರು ಹಿಡಿಯುವ ಕೊಳವೆಯಿದೆ. ಆ ಕಾಲದಲ್ಲಿ ಬ್ರಿಟನ್ನಿನ ಅನೇಕ ಬೈಕುಗಳಿಗೆ ಟ್ಯಾಂಕಿನಲ್ಲಿ, ಸಂಪಿನಲ್ಲಿ ಬರೀ ತಂತಿಜಾಲರಿ. ಕೊಳೆಯನ್ನು ತೇಲಿಸುವ ಡಿಟರ್ಜೆಂಟ್ ಅಂಶವಿಲ್ಲದ ಅಂದಿನ ಆಯಿಲಿನಲ್ಲಿ ಕಸ ತಳಕ್ಕೆ ಇಳಿದು ಕೂರುತ್ತಿತ್ತು. ದಶಕಗಳಿಂದ ಹಾಗೆ ಕೆಸರು ಕೂತಿರುವ ಎಂಜಿನ್ನಿಗೆ ಇಂದಿನ ಡಿಟರ್ಜೆಂಟ್ ಆಯಿಲ್ ಹಾಕಿದರೆ ಅದು ಕರಗಿ ಎದ್ದು ಸಣ್ಣ ಆಯಿಲ್ ದಾರಿಗಳನ್ನು ಕಟ್ಟಬಹುದು. ಆದ್ದರಿಂದ ಅಂಥ ಎಂಜಿನ್ನನ್ನು ಮೊದಲು ಬಿಚ್ಚಿ ಶುಚಿಮಾಡಿಸಿ, ಆಮೇಲೆ ಹೊಸ ಆಯಿಲ್ ಹಾಕುವುದು ಜಾಣತನ.

ನಮ್ಮ ಪತ್ರದ ಬುಲೆಟ್ಟಿಗೆ ಬರೋಣ. ಇಂಗ್ಲೆಂಡಿನ ರೆಡ್ಡಿಚ್ ಪಟ್ಟಣದ ರಾಯಲ್ ಎನ್‌ಫೀಲ್ಡ್ ಕಂಪನಿಯ 350 ಸಿಸಿ ಬುಲೆಟ್ಟನ್ನು ನಮ್ಮ ದೇಶದಲ್ಲಿ ಮಾಡಲೆಂದು 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಹುಟ್ಟಿತು. ಆ ಹಳೆಯ, ಎರಕದ ಕಬ್ಬಿಣದ ಸಿಲಿಂಡರಿನ ಎಂಜಿನ್ ದಶಕಗಳ ಕಾಲ ಹೆಚ್ಚು ಬದಲಾವಣೆಯಿಲ್ಲದೆ ನಡೆದುಬಂತು. ಇದು ಡ್ರೈ ಸಂಪ್ ಎಂಜಿನ್. ಆಯಿಲ್ ಕ್ರ್ಯಾಂಕಿನ ಕೆಳಗೆ ನಿಂತಿರುವುದಿಲ್ಲ. ಎಂಜಿನ್ ಎರಕದಲ್ಲೇ ಇರುವ ಪ್ರತ್ಯೇಕ ಕೋಣೆಯಲ್ಲಿ ಅದರ ದಾಸ್ತಾನು. ಒಂದು ಪಂಪು ಅಲ್ಲಿಂದ ಆಯಿಲನ್ನು ಎಳೆದು ಕನೆಕ್ಟಿಂಗ್ ರಾಡಿನ ದೊಡ್ಡ ತುದಿಗೆ, ಅಂದರೆ ಬಿಗ್ ಎಂಡ್ ಬೇರಿಂಗಿಗೆ ಕಳುಹಿಸುತ್ತದೆ. ಇನ್ನೊಂದು ಪಂಪು ಕೆಳಗೆ ಬಿದ್ದ ಆಯಿಲನ್ನು ಹೀರಿ, ಮೇಲಿನ ರಾಕರುಗಳಿಗೂ ಕೊಟ್ಟು, ಮತ್ತೆ ದಾಸ್ತಾನಿಗೆ ಸೇರಿಸುತ್ತದೆ. ಪಂಪಿನಿಂದ ಬಿಗ್ ಎಂಡಿಗೆ ಹೋಗುವ ದಾರಿಯಲ್ಲಿ, ಬಲಬದಿಯ ಟೈಮಿಂಗ್ ಕವರಿನ ಒಂದು ಗೂಡಿನಲ್ಲಿ ಕುಳಿತಿರುವುದೇ ನಮ್ಮ ಫಿಲ್ಟರ್.

ಇದರ ಅರ್ಥವೇನು? ಬಿಗ್ ಎಂಡಿಗೆ ಹೋಗುವ ಪ್ರತಿ ಹನಿಯೂ ಈ ಫಿಲ್ಟರನ್ನು ದಾಟಿಯೇ ಹೋಗಬೇಕು. ಫಿಲ್ಟರ್ ಕಸವನ್ನು ಬಿಟ್ಟರೆ ಕಸ ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಆಯಿಲನ್ನೇ ತಡೆದರೆ ಬೇರಿಂಗ್ ಒಣಗುತ್ತದೆ. ಈ ಬುಲೆಟ್ಟಿನ ಬಿಗ್ ಎಂಡಿನಲ್ಲಿ ಉರುಳೆಗಳಿಲ್ಲ. ಎರಡೂ ಮೈಗಳ ನಡುವೆ ಆಯಿಲಿನಲ್ಲಿ ತೇಲುತ್ತ ತಿರುಗುವ ಬುಷ್ ಇದೆ. ಆಯಿಲ್ ನಿಂತರೆ ಅದು ಕಾದು, ಕಚ್ಚಿಕೊಂಡು, ಎಂಜಿನ್ ಒಮ್ಮೆಲೇ ಬಿಗಿದುಬಿಡುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ, ಹಿಂದೆ ಲಾರಿ ಬರುತ್ತಿರುವಾಗ, ಹಿಂಚಕ್ರ ಹಾಗೆ ಬಿಗಿದರೆ ಆಗುವ ಅನಾಹುತವನ್ನು ವಿವರಿಸಬೇಕಿಲ್ಲ. ಎಂಜಿನ್ ಬಿಗಿಯುತ್ತಿದೆ ಎನ್ನಿಸಿದ ಕ್ಷಣವೇ ಕ್ಲಚ್ ಹಿಡಿಯಬೇಕು, ಆಗ ಚಕ್ರ ಎಂಜಿನ್ನಿನ ಹಿಡಿತದಿಂದ ಬಿಡುಗಡೆಯಾಗುತ್ತದೆ ಎಂಬುದನ್ನು ಹಳೆಯ ಬೈಕು ಓಡಿಸುವ ಪ್ರತಿಯೊಬ್ಬರೂ ನೆನಪಿಡಬೇಕು. ಆದ್ದರಿಂದ ಕಡಿಮೆ ಬೆಲೆಯ ಈ ವಸ್ತುವಿನ ಆಯ್ಕೆಯಲ್ಲಿ ಸವಾರನ ಜೀವದ ಪ್ರಶ್ನೆಯೂ ಸೇರಿದೆ.

ಹಾಗಾದರೆ ಅತಿ ಸೂಕ್ಷ್ಮವಾಗಿ ಸೋಸುವ ಫಿಲ್ಟರನ್ನೇ ಹಾಕಿಬಿಡೋಣ ಎನ್ನುವಿರಾ? ಇಲ್ಲೇ ಹೆಚ್ಚಿನವರು ಎಡವುವುದು. ಮನೆಯಲ್ಲಿ ಕಾಯಿಹಾಲು ಸೋಸುವುದನ್ನು ನೋಡಿ. ಜರಡಿಯಲ್ಲಿ ಸೋಸಿದರೆ ಹಾಲು ಬೇಗ ಇಳಿಯುತ್ತದೆ, ಆದರೆ ಸಣ್ಣ ಚರಟವೂ ಜೊತೆಗೆ ಬರುತ್ತದೆ. ಬಟ್ಟೆಯಲ್ಲಿ ಸೋಸಿದರೆ ಚರಟ ಬರುವುದಿಲ್ಲ, ಆದರೆ ಕೈಯಿಂದ ಹಿಂಡಬೇಕು. ಆ ಹಿಂಡುವ ಶಕ್ತಿಯೇ ಒತ್ತಡ. ಫ್ರಾನ್ಸಿನ ಇಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಡಿಜೋನ್ ನಗರದ ನೀರು ಪೂರೈಕೆಯ ಬಗ್ಗೆ ಬರೆದ ಗ್ರಂಥದಲ್ಲಿ, ಮರಳಿನ ಪದರದ ಮೂಲಕ ನೀರು ಎಷ್ಟು ಹರಿಯುತ್ತದೆ ಎಂಬುದರ ನಿಯಮವನ್ನು ಕೊಟ್ಟನು. ಆ ನಿಯಮವನ್ನು ನಮ್ಮ ಫಿಲ್ಟರಿಗೆ ಅನ್ವಯಿಸಿದರೆ ಹೀಗಾಗುತ್ತದೆ: ಒತ್ತಡ ಹೆಚ್ಚಿದರೆ ಹರಿವು ಹೆಚ್ಚು, ಫಿಲ್ಟರಿನ ವಿಸ್ತೀರ್ಣ ಹೆಚ್ಚಿದರೆ ಹರಿವು ಹೆಚ್ಚು, ಫಿಲ್ಟರ್ ದಪ್ಪವಾದಷ್ಟೂ, ದ್ರವದ ಸ್ನಿಗ್ಧತೆ ಹೆಚ್ಚಿದಷ್ಟೂ ಹರಿವು ಕಡಿಮೆ.

ಸ್ನಿಗ್ಧತೆ ಎಂದರೆ ದ್ರವ ಹರಿಯಲು ತೋರುವ ಪ್ರತಿರೋಧ. ಹಳೆಯ ಬುಲೆಟ್ಟಿಗೆ ಸಾಮಾನ್ಯವಾಗಿ ಬಳಸುವ 20ಡಬ್ಲ್ಯು-50 ದರ್ಜೆಯ ಆಯಿಲಿನ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಮಾರು 18 ಸೆಂಟಿಸ್ಟೋಕ್ಸ್. ಅದೇ ಆಯಿಲ್ 40 ಡಿಗ್ರಿಯಲ್ಲಿ ಸುಮಾರು 160. ಬೆಳಗ್ಗೆ ತಣ್ಣಗಿರುವಾಗ ಇನ್ನೂ ಹೆಚ್ಚು. ಅಂದರೆ ಬಿಸಿಯಾದಾಗ ಸಲೀಸಾಗಿ ಹರಿಯುವ ಆಯಿಲ್, ಮುಂಜಾನೆ ಕಿಕ್ ಹೊಡೆದಾಗ ಹತ್ತಾರು ಪಟ್ಟು ಮೊಂಡಾಗಿರುತ್ತದೆ. ಆಧುನಿಕ ಎಂಜಿನ್ನಿನ ಪಂಪು ಬಲವಾದ ಒತ್ತಡದಿಂದ ಆಯಿಲನ್ನು ತಳ್ಳಬಲ್ಲದು. ಹಳೆಯ ಬುಲೆಟ್ಟಿನ ಪಂಪಿನದು ಕಡಿಮೆ ಒತ್ತಡ. ಅದರ ಮುಂದೆ ಅತಿ ಬಿಗಿಯಾದ, ವಿಸ್ತೀರ್ಣ ಕಡಿಮೆಯಾದ ಫಿಲ್ಟರನ್ನಿಟ್ಟರೆ, ಆಯಿಲ್ ಸ್ವಚ್ಛವಾಗಿರಬಹುದು, ಆದರೆ ಬೇಕಾದಷ್ಟು ಬೇರಿಂಗನ್ನು ತಲುಪಲಾರದು. ಕೊಳೆಯಾದ ಆಯಿಲಿನಿಂದ ಎಂಜಿನ್ ನಿಧಾನವಾಗಿ ಸವೆಯುತ್ತದೆ. ಆಯಿಲೇ ಇಲ್ಲದಿದ್ದರೆ ಕೆಲವೇ ನಿಮಿಷಗಳಲ್ಲಿ ಕೆಡುತ್ತದೆ.

ಇದನ್ನು ನೀವೇ ಪ್ರಯೋಗ ಮಾಡಿ ನೋಡಬಹುದು. ಎರಡು ಲೋಟಗಳ ಬಾಯಿಗೆ ಒಂದೇ ಬಗೆಯ ಬಟ್ಟೆಯನ್ನು ಕಟ್ಟಿ. ಒಂದಕ್ಕೆ ಉಗುರುಬೆಚ್ಚಗಿನ ತೆಂಗಿನೆಣ್ಣೆಯನ್ನೂ ಇನ್ನೊಂದಕ್ಕೆ ತಂಪಾದ ಹರಳೆಣ್ಣೆಯನ್ನೂ ಅಳೆದು ಹೊಯ್ಯಿರಿ. ಕೈಗಡಿಯಾರ ಹಿಡಿದು, ಎಷ್ಟು ಹೊತ್ತಿನಲ್ಲಿ ಇಳಿಯಿತೆಂದು ಬರೆದುಕೊಳ್ಳಿ. ಬಟ್ಟೆಯನ್ನು ಎರಡು ಪದರ ಮಾಡಿ ಮತ್ತೊಮ್ಮೆ ನೋಡಿ. ಡಾರ್ಸಿಯ ನಿಯಮ ನಿಮ್ಮ ಅಡುಗೆಮನೆಯಲ್ಲೇ ಸಿಗುತ್ತದೆ.

ಈಗ ಮೂರು ಫಿಲ್ಟರುಗಳನ್ನು ಒಂದೊಂದಾಗಿ ನೋಡೋಣ.

ಫೆಲ್ಟ್ ಎಂದರೆ ಎಳೆಗಳನ್ನು ಒತ್ತಿ ಮಾಡಿದ ದಪ್ಪ ಬಟ್ಟೆ. ಇದರಲ್ಲಿ ಕಣಗಳು ಮೇಲ್ಮೈಯಲ್ಲಷ್ಟೇ ನಿಲ್ಲದೆ, ಎಳೆಗಳ ಗೊಂದಲದ ನಡುವೆ ಒಳಒಳಗೆ ಸಿಕ್ಕಿಕೊಳ್ಳುತ್ತವೆ. ಇದಕ್ಕೆ ಆಳದ ಸೋಸುವಿಕೆ ಎನ್ನಬಹುದು. ಆಯಿಲ್ ಇದರ ಮೂಲಕ ಸುಲಭವಾಗಿ ಹರಿಯುತ್ತದೆ. ಕಸ ತುಂಬಿಕೊಂಡರೂ ಒಮ್ಮೆಲೇ ಕಟ್ಟಿಕೊಳ್ಳುವುದಿಲ್ಲ. ಕೊರತೆಯೆಂದರೆ, ಅತಿ ಸಣ್ಣ ಕಣಗಳಲ್ಲಿ ಹಲವು ಮೊದಲ ಸುತ್ತಿನಲ್ಲಿ ತಪ್ಪಿಸಿಕೊಳ್ಳುತ್ತವೆ. ಕೆಲವರು ಫೆಲ್ಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುತ್ತಾರೆ. ಮೇಲಿನ ಕೊಳೆ ಹೋಗಬಹುದು, ಆದರೆ ಆಳದಲ್ಲಿ ಸಿಕ್ಕ ಕಣಗಳು ಪೂರ್ತಿ ಹೊರಬರುವುದಿಲ್ಲ. ಎಳೆಗಳೂ ಸಡಿಲವಾಗುತ್ತವೆ. ಕಳಚಿದ ಎಳೆ ಸೂಕ್ಷ್ಮವಾದ ಆಯಿಲ್ ದಾರಿಯಲ್ಲಿ ಸಿಕ್ಕಿದರೆ ಫಿಲ್ಟರೇ ಕಸವಾದಂತೆ.

ಕಾಗದದ ಫಿಲ್ಟರಿನಲ್ಲಿರುವುದು ನಾವು ಬರೆಯುವ ಕಾಗದವಲ್ಲ. ರಾಳದ ಲೇಪ ಕೊಟ್ಟು ಗಟ್ಟಿಮಾಡಿದ ವಿಶೇಷ ಕಾಗದ. ಇದರ ರಂಧ್ರಗಳು ಸಣ್ಣವು. ಆದ್ದರಿಂದ ಹರಿವಿಗೆ ಅಡ್ಡಿ ಹೆಚ್ಚು. ಆ ಅಡ್ಡಿಯನ್ನು ವಿಸ್ತೀರ್ಣದಿಂದ ತುಂಬಿಕೊಡುತ್ತಾರೆ. ಮಡಿಕೆಗಳಿರುವುದು ಅದಕ್ಕೇ. ಲೆಕ್ಕ ನೋಡಿ: 5 ಸೆಂಟಿಮೀಟರ್ ಅಡ್ಡಳತೆ, 5 ಸೆಂಟಿಮೀಟರ್ ಎತ್ತರದ ಕೊಳವೆಯ ಮೈಯ ವಿಸ್ತೀರ್ಣ ಸುಮಾರು 78 ಚದರ ಸೆಂಟಿಮೀಟರ್. ಅದೇ ಜಾಗದಲ್ಲಿ 1 ಸೆಂಟಿಮೀಟರ್ ಆಳದ 60 ಮಡಿಕೆಗಳನ್ನು ಕೂರಿಸಿದರೆ, ಪ್ರತಿ ಮಡಿಕೆಗೆ ಎರಡು ಮೈ ಇರುವುದರಿಂದ, ಸಿಗುವ ವಿಸ್ತೀರ್ಣ 600 ಚದರ ಸೆಂಟಿಮೀಟರ್. ಏಳೂವರೆ ಪಟ್ಟಿಗಿಂತ ಹೆಚ್ಚು! ಆದ್ದರಿಂದ ನೋಡಲು ಒಂದೇ ಥರವಿರುವ ಎರಡು ಕಾಗದದ ಫಿಲ್ಟರುಗಳಲ್ಲಿ ಒಂದಕ್ಕೆ 60 ಮಡಿಕೆ, ಇನ್ನೊಂದಕ್ಕೆ 30 ಮಡಿಕೆ ಇದ್ದರೆ, ಎರಡನೆಯದು ಅಗ್ಗವಾಗಿರುವುದರ ಗುಟ್ಟು ಅಲ್ಲೇ ಇದೆ. ಅಂಗಡಿಯಲ್ಲೇ ಮಡಿಕೆಗಳನ್ನು ಎಣಿಸಿ. ಸಂಕೋಚಪಡಬೇಡಿ. ಮಡಿಕೆಗಳು ಸಮಾನ ದೂರದಲ್ಲಿವೆಯೇ, ಕಾಗದ ತುದಿಗಳಿಗೆ ಪೂರ್ತಿ ಅಂಟಿದೆಯೇ ಎಂಬುದನ್ನೂ ನೋಡಿ.

ಉಕ್ಕಿನ ಜಾಲರಿಯ ಫಿಲ್ಟರ್ ನೋಡಲು ಚಂದ. ಆಯಿಲ್ ಸರಾಗವಾಗಿ ಹರಿಯುತ್ತದೆ. ಆದರೆ ಜಾಲರಿಯ ಕಣ್ಣಿಗಿಂತ ಚಿಕ್ಕ ಕಣವೆಲ್ಲ ಅದರಿಂದ ಪಾರಾಗುತ್ತದೆ. ಎಷ್ಟು ಮೈಕ್ರಾನಿನ ಕಣ್ಣು ಎಂದು ತಯಾರಕರು ಹೇಳದಿದ್ದರೆ ಅದನ್ನು ಕೊಳ್ಳಬೇಡಿ. ತೊಳೆದು ಬಳಸುವ ಉಳಿತಾಯ ನಿಜವಾಗಬೇಕಾದರೆ, ಪ್ರತಿ ಸಲವೂ ಶುದ್ಧವಾಗಿ ತೊಳೆದು, ಬೆಳಕಿಗೆ ಹಿಡಿದು ಪರೀಕ್ಷಿಸುವ ತಾಳ್ಮೆ ಬೇಕು.

ಪೊಟ್ಟಣದ ಮೇಲೆ "10 ಮೈಕ್ರಾನ್" ಎಂದಷ್ಟೇ ಬರೆದಿದ್ದರೆ ಸಾಲದು. 10 ಮೈಕ್ರಾನಿನ ಕಣಗಳಲ್ಲಿ ಅರ್ಧವನ್ನು ಹಿಡಿಯುವ ಫಿಲ್ಟರಿಗೂ, ನೂರಕ್ಕೆ 98 ಹಿಡಿಯುವ ಫಿಲ್ಟರಿಗೂ ಅದೇ ಹೆಸರನ್ನು ಅಂಟಿಸಬಹುದು. ಆದ್ದರಿಂದ ತಂತ್ರಜ್ಞರು ಬೀಟಾ ಅನುಪಾತ ಎಂಬ ಅಳತೆಯನ್ನು ಬಳಸುತ್ತಾರೆ. ಒಂದು ಗಾತ್ರದ ಎಷ್ಟು ಕಣಗಳು ಫಿಲ್ಟರಿನ ಒಳಗೆ ಹೋದವು, ಎಷ್ಟು ದಾಟಿ ಹೊರಬಂದವು ಎಂದು ಎಣಿಸಿ, ಮೊದಲನೆಯ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಬೇಕು. ಸಾವಿರ ಹೋಗಿ 500 ಹೊರಬಂದರೆ ಬೀಟಾ 2, ದಕ್ಷತೆ ನೂರಕ್ಕೆ 50. ಸಾವಿರ ಹೋಗಿ 50 ಬಂದರೆ ಬೀಟಾ 20, ದಕ್ಷತೆ 95. ಸಾವಿರ ಹೋಗಿ 13 ಬಂದರೆ ಬೀಟಾ ಸುಮಾರು 75, ದಕ್ಷತೆ 98ಕ್ಕಿಂತ ಹೆಚ್ಚು.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಎಂಜಿನ್ನಿನಲ್ಲಿ ಆಯಿಲ್ ಮತ್ತೆ ಮತ್ತೆ ಸುತ್ತುತ್ತದೆ. ಬೀಟಾ 2ರ ಸಾಧಾರಣ ಫಿಲ್ಟರನ್ನೇ ತೆಗೆದುಕೊಳ್ಳಿ. ಹೊಸ ಕಸ ಸೇರಲಿಲ್ಲವೆಂದರೆ, ಸಾವಿರ ಕಣ ಮೊದಲ ಸುತ್ತಿನಲ್ಲಿ 500, ಎರಡನೆಯದರಲ್ಲಿ 250, ಮೂರರಲ್ಲಿ 125, ನಾಲ್ಕರಲ್ಲಿ 62, ಐದರಲ್ಲಿ 31 ಆಗುತ್ತದೆ. ಗುಣೋತ್ತರ ಶ್ರೇಢಿ ಇಳಿಯುವ ರೀತಿ ಇದು. ಸಾಧಾರಣವಾಗಿ ಸೋಸುವ ಆದರೆ ಧಾರಾಳವಾಗಿ ಹರಿಯಲು ಬಿಡುವ ಫೆಲ್ಟ್, ಇಷ್ಟು ವರ್ಷ ಬುಲೆಟ್ಟನ್ನು ಕಾಪಾಡಿಕೊಂಡು ಬಂದದ್ದರ ಹಿಂದಿನ ಗಣಿತ ಇದೇ. ತಪ್ಪಿಸಿಕೊಂಡ ಕಣ ಮೊದಲ ಸುತ್ತಿನಲ್ಲೇ ಬೇರಿಂಗಿಗೆ ಹೋಗಿಬರುತ್ತದೆ ಎಂಬುದೂ ನಿಜ. ಆದ್ದರಿಂದ ಫೆಲ್ಟ್ ಬಳಸುವವರು ಆಯಿಲನ್ನು ಸ್ವಲ್ಪ ಬೇಗನೆ ಬದಲಿಸುವುದು ಒಳಿತು.

ಆದರೆ ಫೆಲ್ಟೋ ಕಾಗದವೋ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಫಿಲ್ಟರಿನ ಎರಡು ತುದಿಗಳು ತಮ್ಮ ಗೂಡಿನಲ್ಲಿ ಬಿಗಿಯಾಗಿ ಕೂರುತ್ತವೆಯೇ? ಹರಿಯುವ ದ್ರವ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಫಿಲ್ಟರ್ ಒಂದೆರಡು ಮಿಲಿಮೀಟರ್ ಗಿಡ್ಡವಾಗಿದ್ದು ಸ್ಪ್ರಿಂಗ್ ಅದನ್ನು ಸರಿಯಾಗಿ ಒತ್ತದಿದ್ದರೆ, ತುದಿಯಲ್ಲಿ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. 0.1 ಮಿಲಿಮೀಟರ್ ಸಂದು ಎಂದರೆ 100 ಮೈಕ್ರಾನ್. 10 ಮೈಕ್ರಾನ್ ಸೋಸುವ ಕಾಗದದ ಪಕ್ಕದಲ್ಲಿ 100 ಮೈಕ್ರಾನಿನ ತೆರೆದ ಬಾಗಿಲು! ಅದೂ ಅಲ್ಲದೆ, ಕಿರಿದಾದ ಸಂದಿನ ಮೂಲಕ ಹರಿವು ಸಂದಿನ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. ಸಂದು ಎರಡು ಪಟ್ಟಾದರೆ ಸೋರುವ ಆಯಿಲ್ ಎಂಟು ಪಟ್ಟು. ಆದ್ದರಿಂದ ಕೊಳ್ಳಲು ಹೋಗುವಾಗ ಹಳೆಯ ಫಿಲ್ಟರನ್ನು ಜೊತೆಗೆ ಒಯ್ಯಿರಿ. ಉದ್ದ, ಹೊರ ಅಡ್ಡಳತೆ, ನಡುವಿನ ರಂಧ್ರದ ಅಡ್ಡಳತೆ, ಈ ಮೂರನ್ನೂ ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಹಳೆಯ ಫೆಲ್ಟ್ ಒತ್ತಿ ಕುಗ್ಗಿರಬಹುದಾದ್ದರಿಂದ, ಬೈಕಿನ ಕೈಪಿಡಿಯನ್ನೂ ಬಿಡಿಭಾಗಗಳ ಪಟ್ಟಿಯಲ್ಲಿನ ಸಂಖ್ಯೆಯನ್ನೂ ತಾಳೆ ನೋಡಿರಿ. "ಬುಲೆಟ್ ಫಿಲ್ಟರ್" ಎಂದಷ್ಟೇ ಕೇಳಬೇಡಿ. ಎರಕದ ಕಬ್ಬಿಣದ ಹಳೆಯ ಎಂಜಿನ್ನಿನ ಫಿಲ್ಟರ್ ಬೇರೆ, ಗೇರ್ ಪೆಟ್ಟಿಗೆಯೂ ಒಂದೇ ಎರಕದಲ್ಲಿರುವ ಹೊಸ ಎಂಜಿನ್ನಿನ ಫಿಲ್ಟರ್ ಬೇರೆ. ವರ್ಷವನ್ನೂ ಎಂಜಿನ್ನಿನ ಬಗೆಯನ್ನೂ ಹೇಳಿ ಕೇಳಿ.

ಕೆಲವರು ಹಳೆಯ ಬೈಕಿಗೆ ಕಾರಿನಲ್ಲಿರುವಂಥ, ತಿರುಗಿಸಿ ಕೂರಿಸುವ ಡಬ್ಬಿ ಫಿಲ್ಟರನ್ನು ಅಳವಡಿಸಿಕೊಂಡಿರುತ್ತಾರೆ. ಅಲ್ಲಿ ತಿರುಪಿನ ಎಳೆಯನ್ನು ಗಮನಿಸಬೇಕು. ಜಪಾನಿನ ಅನೇಕ ಬೈಕುಗಳ ಡಬ್ಬಿಯ ಎಳೆ 20 ಮಿಲಿಮೀಟರ್, ಹೆಜ್ಜೆ 1.5 ಮಿಲಿಮೀಟರ್. ಅನೇಕ ಕಾರುಗಳದು ಮುಕ್ಕಾಲು ಇಂಚು, ಇಂಚಿಗೆ 16 ಎಳೆ. ಅಂದರೆ 19.05 ಮಿಲಿಮೀಟರ್, ಹೆಜ್ಜೆ 1.59 ಮಿಲಿಮೀಟರ್. ಮುಕ್ಕಾಲು ಇಂಚಿನ ತಿರುಪಿಗೆ 20 ಮಿಲಿಮೀಟರಿನ ಡಬ್ಬಿ ಹೇಗೋ ಕೂರುತ್ತದೆ, ಬಿಗಿಯಾದಂತೆ ತೋರುತ್ತದೆ. ದಾರಿಯಲ್ಲಿ ಒತ್ತಡ ಏರಿದಾಗ ಕಳಚಿ ಆಯಿಲೆಲ್ಲ ಹಿಂಚಕ್ರದ ಮೇಲೆ ಸುರಿಯುವ ಅಪಾಯವಿದೆ. ಬ್ರಿಟಿಷ್ ಮೂಲದ ಬೈಕುಗಳ ನಟ್ಟು ಬೋಲ್ಟುಗಳ ವಿಷಯವೂ ಹೀಗೆಯೇ. ಜೋಸೆಫ್ ವಿಟ್ವರ್ತ್ 1841ರಲ್ಲಿ ರೂಪಿಸಿದ ಎಳೆಯ ಕೋನ 55 ಡಿಗ್ರಿ, ಮೆಟ್ರಿಕ್ ಎಳೆಯದು 60 ಡಿಗ್ರಿ. ಫಿಲ್ಟರಿನ ಮುಚ್ಚಳಕ್ಕೆ ಕೈಗೆ ಸಿಕ್ಕ ನಟ್ಟನ್ನು ಬಲವಂತವಾಗಿ ತಿರುಗಿಸಿದರೆ ಅಲ್ಯೂಮಿನಿಯಮಿನ ಎಳೆ ಹಾಳಾಗಿ, ಕವರನ್ನೇ ಬದಲಿಸಬೇಕಾದೀತು.

ಮಂಗಳೂರಿನಂಥ ಊರಿನಲ್ಲಿ ಮಳೆಗಾಲದ ಲೆಕ್ಕವನ್ನೂ ಹಾಕಬೇಕು. ರಸಾಯನಶಾಸ್ತ್ರದ ಒಂದು ಸಮೀಕರಣವನ್ನು ನೆನಪಿಸಿಕೊಳ್ಳಿ. ಪೆಟ್ರೋಲನ್ನು ಆಕ್ಟೇನ್ ಎಂದುಕೊಂಡರೆ, 114 ಗ್ರಾಂ ಆಕ್ಟೇನ್ ಉರಿದಾಗ 162 ಗ್ರಾಂ ನೀರು ಹುಟ್ಟುತ್ತದೆ. ಅಂದರೆ ಒಂದು ಲೀಟರ್ ಪೆಟ್ರೋಲಿನಿಂದ ಸುಮಾರು ಒಂದು ಲೀಟರ್ ನೀರು, ಆವಿಯ ರೂಪದಲ್ಲಿ. ಹೆಚ್ಚಿನ ಪಾಲು ಸೈಲೆನ್ಸರಿನಿಂದ ಹೊರಹೋದರೂ ಸ್ವಲ್ಪ ಆವಿ ಪಿಸ್ಟನ್ ಉಂಗುರಗಳ ಸಂದಿನಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ದೂರ ಓಡಿದರೆ ಎಂಜಿನ್ ಚೆನ್ನಾಗಿ ಕಾದು ಅದು ಆರಿಹೋಗುತ್ತದೆ. ಶಕ್ತಿನಗರದಿಂದ ಕುಲಶೇಖರಕ್ಕೋ ಕದ್ರಿಗೋ ಹೋಗಿ ಬಂದು ನಿಲ್ಲಿಸಿಬಿಟ್ಟರೆ ಆಯಿಲ್ ಸಾಕಷ್ಟು ಕಾಯುವುದೇ ಇಲ್ಲ. ನೀರು ಉಳಿದು, ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ನೀರು ಮತ್ತು ಶಾಖ ಸೇರಿ ಕಾಗದದ ಫಿಲ್ಟರಿನ ಬಲವನ್ನೂ ಕುಗ್ಗಿಸುತ್ತವೆ. ಆದ್ದರಿಂದ ಕಡಿಮೆ ಓಡಿದ ಬೈಕೆಂದು ಫಿಲ್ಟರನ್ನು ವರ್ಷಗಟ್ಟಲೆ ಬಿಡಬಾರದು. ಕೈಪಿಡಿ ಹೇಳಿದಷ್ಟು ಕಿಲೋಮೀಟರ್ ಆಗದಿದ್ದರೂ, ವರ್ಷಕ್ಕೊಮ್ಮೆಯಾದರೂ, ಮುಖ್ಯವಾಗಿ ಮಳೆಗಾಲ ಮುಗಿದ ಮೇಲೆ, ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸುವುದು ಲೇಸು.

ಬದಲಿಸುವಾಗ ಹಳೆಯ ಫಿಲ್ಟರನ್ನು ಕೂಡಲೇ ಎಸೆಯಬೇಡಿ. ರೋಗಿಯ ರಕ್ತಪರೀಕ್ಷೆಯಂತೆ ಅದು ಎಂಜಿನ್ನಿನ ಆರೋಗ್ಯವನ್ನು ಹೇಳುತ್ತದೆ. ಕತ್ತರಿಸಿ, ಬಿಳಿ ಕಾಗದದ ಮೇಲೆ ಬಿಡಿಸಿ, ಒಂದು ಅಯಸ್ಕಾಂತವನ್ನು ಹತ್ತಿರ ಹಿಡಿಯಿರಿ. ಅಂಟುವ ಪುಡಿ ಕಬ್ಬಿಣ, ಉಕ್ಕಿನದು. ಅಂಟದ ಹೊಂಬಣ್ಣದ ಚೂರು ಕಂಡರೆ ಕಂಚಿನ ಬುಷ್ ಸವೆಯುತ್ತಿರಬಹುದು. ಬೆಳ್ಳಗೆ ಮೆತ್ತಗಿರುವ ಹಕ್ಕಳೆಗಳು ಕಂಡರೆ ಅದು ಪಿಸ್ಟನ್ನಿನ ಅಲ್ಯೂಮಿನಿಯಮ್ಮೋ ಬಿಗ್ ಎಂಡಿನ ಬಿಳಿಲೋಹವೋ ಆಗಿರಬಹುದು. ಒಂದಿಷ್ಟು ನುಣ್ಣನೆಯ ಪುಡಿ ಸಹಜ. ಕಣ್ಣಿಗೆ ಕಾಣುವ ಚೂರುಗಳು ಸಹಜವಲ್ಲ. ಅಂಥದು ಕಂಡರೆ ಬೈಕನ್ನು ಓಡಿಸದೆ, ತಿಳಿದ ಮೆಕ್ಯಾನಿಕ್ಕಿಗೆ ತೋರಿಸಿ.

ಹೊಸದನ್ನು ಕೂರಿಸುವಾಗ ಸ್ಪ್ರಿಂಗ್, ತಗಡಿನ ಬಿಲ್ಲೆ, ವಾಷರುಗಳು ಬಿಚ್ಚಿದ ಕ್ರಮದಲ್ಲೇ ಹಿಂದಿರುಗಬೇಕು. ಬಿಚ್ಚುವಾಗಲೇ ಅವನ್ನು ಸಾಲಾಗಿ ಜೋಡಿಸಿಟ್ಟರೆ ಗೊಂದಲವಿಲ್ಲ. ತಾಮ್ರದ ವಾಷರ್ ಗಟ್ಟಿಯಾಗಿದ್ದರೆ ಕೆಂಪಗೆ ಕಾಯಿಸಿ ತಣಿಸಿ. ಅದು ಮತ್ತೆ ಮೆತ್ತಗಾಗಿ ಚೆನ್ನಾಗಿ ಒತ್ತಿಕೊಳ್ಳುತ್ತದೆ. ಫಿಲ್ಟರನ್ನು ಆಯಿಲಿನಲ್ಲಿ ನೆನೆಸಿ, ಅದರ ಗೂಡಿಗೂ ಆಯಿಲ್ ತುಂಬಿ ಮುಚ್ಚಿ. ಖಾಲಿ ಗೂಡು ತುಂಬುವವರೆಗೆ ಬಿಗ್ ಎಂಡಿಗೆ ಆಯಿಲ್ ಸಿಗದು ಎಂಬುದನ್ನು ಮರೆಯಬೇಡಿ. ಆಮೇಲೆ ಇಗ್ನಿಷನ್ ಬಂದ್ ಮಾಡಿ, ಡಿಕಂಪ್ರೆಸರ್ ಹಿಡಿದುಕೊಂಡು ಹತ್ತಿಪ್ಪತ್ತು ಸಲ ಕಿಕ್ಕರನ್ನು ತುಳಿಯಿರಿ. ಎಂಜಿನ್ ಶುರುವಾದ ಬಳಿಕ ಆಯಿಲ್ ಸುತ್ತುತ್ತಿದೆಯೇ, ಮುಚ್ಚಳದಲ್ಲಿ ಸೋರುತ್ತಿದೆಯೇ ನೋಡಿ. ಮೊದಲ ಸವಾರಿ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಹಳೆಯ ಆಯಿಲನ್ನೇನು ಮಾಡುವುದು? ಚರಂಡಿಗೆ, ತೋಟದ ಮೂಲೆಗೆ ಖಂಡಿತ ಚೆಲ್ಲಬೇಡಿ. ಶಕ್ತಿನಗರದಂಥ ಗುಡ್ಡದ ಜಾಗದಲ್ಲಿ ಮೇಲೆ ಸುರಿದದ್ದು ಮಳೆಯೊಡನೆ ಇಳಿದು ಕೆಳಗಿನವರ ಬಾವಿ ಸೇರಬಹುದು. ಬಳಸಿದ ಆಯಿಲಿನಲ್ಲಿ ಕ್ಯಾನ್ಸರ್ ತರಬಲ್ಲ ಸಂಯುಕ್ತಗಳಿರುವುದರಿಂದ ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ನಮ್ಮ ದೇಶದ ನಿಯಮಗಳ ಪ್ರಕಾರ ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿಸಿ, ಅಧಿಕೃತ ಸಂಸ್ಕರಣೆಗೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಿ. ಹಳೆಯ ಫಿಲ್ಟರೂ ಅದರ ಜೊತೆಗೇ ಹೋಗಲಿ.

ಇನ್ನೊಂದು ಮಾತು. 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು "ವಿಎ" ಗುರುತಿನೊಡನೆ ನೋಂದಾಯಿಸಬಹುದು. ಹಾಗೆ ನೋಂದಾಯಿಸಿದ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚಾಸಿಯಲ್ಲಿ, ಎಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಮಾಡಿದ ಬೈಕು ಈ ಮಾನ್ಯತೆಯನ್ನು ಕಳೆದುಕೊಳ್ಳಬಹುದು. ಎಂಜಿನ್ನನ್ನು ಕೊರೆದು ಹೊಸ ಫಿಲ್ಟರ್ ಅಳವಡಿಸುವ ಮೊದಲು ಇದನ್ನೂ ಯೋಚಿಸಬೇಕು.

ಈಗ ಪತ್ರದ ಪ್ರಶ್ನೆಗೆ ಉತ್ತರ ಕೊಡಬಹುದು. 1968ರ ಬುಲೆಟ್ಟಿಗೆ ಅಳತೆ ಸರಿಯಾಗಿರುವ, ಎಳೆ ಕಳಚದ ಗಟ್ಟಿಮುಟ್ಟಾದ ಫೆಲ್ಟ್ ಫಿಲ್ಟರ್ ನಿಶ್ಚಿಂತೆಯ ಆಯ್ಕೆ. ಅದೇ ಎಂಜಿನ್ನಿಗೆಂದು ತಯಾರಿಸಿದ, ಸಾಕಷ್ಟು ಮಡಿಕೆಗಳುಳ್ಳ, ತುದಿಗಳಲ್ಲಿ ಸರಿಯಾದ ಸೀಲ್ ಇರುವ ಕಾಗದದ ಫಿಲ್ಟರ್ ಸಿಕ್ಕರೆ ಅದೂ ಒಳ್ಳೆಯದೇ. ಹೆಚ್ಚು ಸ್ವಚ್ಛವಾಗಿ ಸೋಸುತ್ತದೆ. ಆದರೆ ಅದನ್ನು ತಪ್ಪದೆ ಸಮಯಕ್ಕೆ ಬದಲಿಸಬೇಕು, ಏಕೆಂದರೆ ಕಾಗದ ಕಟ್ಟಿಕೊಂಡರೆ ಬೇರಿಂಗಿಗೆ ಹೋಗುವ ಆಯಿಲ್ ಕಡಿಮೆಯಾಗುತ್ತದೆ. ಅಳತೆ ಹೇಳದ ಜಾಲರಿಯನ್ನು ಅಂಗಡಿಯಲ್ಲೇ ಬಿಟ್ಟುಬನ್ನಿ.

ಮಿತ್ರರೇ, ಹೊಸ ಯಂತ್ರದ ಬಗ್ಗೆ ತಯಾರಕರು ಯೋಚಿಸಿರುತ್ತಾರೆ. ಹಳೆಯ ಯಂತ್ರದ ಬಗ್ಗೆ ಅದನ್ನು ಇಟ್ಟುಕೊಂಡವರೇ ಯೋಚಿಸಬೇಕು. ಒಳಗೆ ಏನು ಹರಿಯುತ್ತದೆ, ಎತ್ತ ಹರಿಯುತ್ತದೆ, ಯಾರು ತಳ್ಳುತ್ತಾರೆ, ಎಲ್ಲಿ ತಡೆಯುತ್ತದೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ ಆಯಿಲ್ ಫಿಲ್ಟರೂ ಅರ್ಥವಾಗುತ್ತದೆ, ನೀರಿನ ಪಂಪೂ ಅರ್ಥವಾಗುತ್ತದೆ, ನಮ್ಮ ಮೂತ್ರಪಿಂಡವೂ ಒಂದಿಷ್ಟು ಅರ್ಥವಾಗುತ್ತದೆ. ಮನೆಯಲ್ಲಿ ಹಳೆಯ ಬೈಕು ಇರುವವರು ಈ ವಾರ ಅದರ ಕೈಪಿಡಿಯನ್ನು ಹುಡುಕಿ ತೆಗೆಯಿರಿ. ಇಲ್ಲದವರು ನೆರೆಮನೆಯ ಅಣ್ಣನನ್ನೋ ಮಾಮನನ್ನೋ ಕೇಳಿ, ಮುಂದಿನ ಸಲ ಫಿಲ್ಟರ್ ಬದಲಿಸುವಾಗ ಪಕ್ಕದಲ್ಲಿ ನಿಂತು ನೋಡಿ. ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಲು ಮರೆಯಬೇಡಿ.